ಮಂಚದ ಕೆಳಗಿನ ಆಫ್ರಿಕಾ

ಮಾರುವ ವಿದ್ಯೆ ನನಗೆ ಬರುವುದಿಲ್ಲ. ಕಲಬುರಗಿಯ ನೆಹರು ಗಂಜ್ ಎಂಬ ಕಾಳುಪೇಟೆಯ ಅಡತಿ ಅಂಗಡಿಯಲ್ಲಿ ಮೀಸೆ ಮೂಡಿದಾಗಿನಿಂದ ಅದು ಬೆಳ್ಳಗಾಗುವವರೆಗೆ ತೊಗರಿ ತೂಗಿದವನು ಹೀಗೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಗಂಜಿನಲ್ಲಿ ಯಾರೂ ಮಾಲನ್ನು ಹೊಗಳಿ ಮಾರುವುದಿಲ್ಲ. ಕೊಳ್ಳುವವನು ಬಂದು ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ಉಜ್ಜುತ್ತಾನೆ, ಊದುತ್ತಾನೆ, ಕಾಳು ಕಡಿದು ಬೇವು ತಿಂದವನಂತೆ ಮುಖ ಮಾಡುತ್ತಾನೆ. ಅವನ ಮುಖ ಎಷ್ಟು ಕೆಟ್ಟಿತೋ ಮಾಲು ಅಷ್ಟು ಚೆನ್ನಾಗಿದೆ ಎಂದು ನಾವು ತಿಳಿಯಬೇಕು. ಆಮೇಲೆ ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ, ದರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ಲು ಅಲುಗಾಡುವುದಷ್ಟೇ ಕಾಣುತ್ತದೆ. ಸರ್ಕಾರದವರು ಇದು ಬೇಡವೆಂದ ಮೇಲೂ ಹಳಬರ ಬೆರಳುಗಳು ಆ ಚಟ ಬಿಟ್ಟಿರಲಿಲ್ಲ. ಬಾಯಿಗೆ ಕೆಲಸವಿಲ್ಲದ ಈ ವ್ಯಾಪಾರದಲ್ಲಿ ಮಾತು ಬಾರದ ನಾನು ಸುಖವಾಗಿಯೇ ಇದ್ದೆ.

ಇಂಥವನ ಮಂಚದ ಕೆಳಗೆ ಒಂದು ಟ್ರಂಕು ಆಫ್ರಿಕಾ ಬಂದು ಕುಳಿತದ್ದು ನನ್ನ ಹೆಂಡತಿ ಶರಣಮ್ಮನಿಂದ. ಅವಳ ತವರು ಕಮಲಾಪುರ. ಅಲ್ಲಿ ಅವಳ ಜೊತೆ ಶಾಲೆ ಕಲಿತ ಸುಗಂಧಾ ನರ್ಸ್ ಆಗಿ ಯುಗಾಂಡಾ ದೇಶಕ್ಕೆ ಹೋಗಿದ್ದಳು. ಇನ್ನು ಗುಣವಾಗುವುದಿಲ್ಲ ಎಂದು ಗೊತ್ತಾದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆಯಲ್ಲಿ ಅವಳ ಕೆಲಸ. ಅವರು ಬಿಟ್ಟು ಹೋದ ಮಕ್ಕಳಿಗೆ ಪಕ್ಕದಲ್ಲೇ ಇನ್ನೊಂದು ಮನೆ. ಆ ಊರಿನವರು ಹೆಣೆದ ಬುಟ್ಟಿ, ಪೋಣಿಸಿದ ಮಣಿಸರ, ಕೆತ್ತಿದ ಮರದ ಮುಖವಾಡಗಳನ್ನು ಮಾರಿ ಬಂದದ್ದರಲ್ಲಿ ಎರಡೂ ಮನೆ ನಡೆಯಬೇಕು. ರಜೆಗೆ ಬಂದ ಸುಗಂಧಾ ಬ್ರಹ್ಮಪುರದ ನಮ್ಮ ಮನೆಯಲ್ಲಿ ಅವು ತುಂಬಿದ ಟ್ರಂಕು ಇಳಿಸಿ ಇದನ್ನೆಲ್ಲ ಹೇಳಿದಾಗ ನಾನು ದೊಡ್ಡ ಬುದ್ಧಿವಂತನಂತೆ ಕೇಳಿದೆ, "ಗುಣಾ ಆಗದವರನ್ನ ಇಟ್ಕೊಂಡು ಏನ್ ಮಾಡ್ತೀರವ್ವಾ?"

"ನೋವು ಕಮ್ಮಿ ಮಾಡ್ತೀವ್ರೀ ಮಾಮಾ. ಮೈ ತೊಳಿತೀವಿ, ಉಣಸ್ತೀವಿ. ಕೈ ಹಿಡಕೊಂಡು ಬಾಜೂಕ ಕೂಡ್ತೀವಿ."

"ಕೈ ಹಿಡಕೊಂಡು ಕೂಡ್ಲಕ ವಿಮಾನದಾಗ ಹೋಗಬೇಕೇನು?"

ಶರಣಮ್ಮ ಚಹಾದ ಕಪ್ಪು ನನ್ನ ಮುಂದೆ ಕುಟ್ಟಿ ಇಟ್ಟಳು. "ನೀವು ಗಂಜಿನ್ಯಾಗ ದಿನಾ ಅದೇ ಮಾಡ್ತೀರಲ್ಲ. ಒಬ್ಬರರೆ ಗುಣಾ ಆಗ್ಯಾರೇನು?" ಎಂದಳು. ಆಮೇಲೆ ಗೆಳತಿಯ ಕಡೆ ತಿರುಗಿ, "ನೀ ಮತ್ತ ಬರೋದ್ರಾಗ ಈ ಟ್ರಂಕ್ ಖಾಲಿ ಮಾಡಿ ಇಟ್ಟಿರ್ತೀನಿ, ಸುಗಂಧಾ" ಎಂದು ಮಾತು ಕೊಟ್ಟಳು.

ಅವಳಿಗೆ ಮಾರಲು ಬರುತ್ತಿತ್ತು. ಮಣಿಸರವನ್ನು ಕೊರಳಿಗೆ ಹಾಕಿಕೊಂಡು ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಪಕ್ಕದ ಮನೆಗೆ ಹೋಗುವಳು. ತಿರುಗಿ ಬರುವಾಗ ಬಟ್ಟಲಲ್ಲಿ ಮಜ್ಜಿಗೆ ಇರುತ್ತಿತ್ತು, ಕೊರಳಲ್ಲಿ ಸರ ಇರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಅಷ್ಟು ಮಜ್ಜಿಗೆ ಎಂದೂ ಓಡಾಡಿರಲಿಲ್ಲ. ಮುಖವಾಡಗಳು ಮಾತ್ರ ಹೋಗಲಿಲ್ಲ. ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಒಂದಂತೂ ಹಲ್ಲು ಮುಂದೆ ಮಾಡಿ, ಪಗಾರ ಹೆಚ್ಚಿಸಿರಿ ಎಂದಾಗ ನಮ್ಮ ಸಾಹುಕಾರರು ನೋಡುವಂತೆ ನೋಡುತ್ತಿತ್ತು. ನಾನು ಅದಕ್ಕೆ ಬೆನ್ನು ಮಾಡಿ ಊಟಕ್ಕೆ ಕೂಡುತ್ತಿದ್ದೆ.

ಶರಣಮ್ಮನಿಗೆ ಹೊಟ್ಟೆನೋವು ಬಂತು. ಡಾಕ್ಟರು ಚೀಟಿ ಬರೆದರು, ಫೋಟೋ ತೆಗೆಸಿದರು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿರಿ ಎಂದರು. ನಾನು ಗಂಜಿಗೆ ಹೋಗುವುದು ಬಿಟ್ಟು ಅವಳ ಮಂಚದ ಬಾಜೂಕ ಕುಳಿತೆ. ಮೈ ತೊಳೆದೆ, ಉಣಿಸಿದೆ. ಕೌದಿಯ ಒಳಗೆ ಅವಳು ನನ್ನ ಬೆರಳು ಹುಡುಕಿ ಹಿಡಿಯುತ್ತಿದ್ದಳು. ವಿಮಾನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಬೆರಳು ಒತ್ತಿ, "ದರಾ ಮುಗೀತೇನ್ರೀ?" ಎಂದು ಕೇಳಿದಳು.

"ಇನ್ನೂ ಇಲ್ಲ" ಎಂದೆ.

"ಭಾಳ ಗಟ್ಟಿ ಅದೀರಿ" ಎಂದು ನಕ್ಕಳು.

ಕೆಲವು ದಿನಗಳಲ್ಲಿ ದರ ನನ್ನನ್ನು ಕೇಳದೆಯೇ ಮುಗಿಯಿತು.

ಮಾತನಾಡಿಸಲು ಜನ ಬಂದರು. ಬಂದವರಿಗೆ ಏನು ಹೇಳಬೇಕೆಂದು ತಿಳಿಯದು, ನನಗೆ ಮೊದಲೇ ಮಾತು ಕಡಿಮೆ. ಎಲ್ಲರೂ ಸೇರಿ ಮುಖವಾಡವನ್ನು ನೋಡುತ್ತ ಕೂಡುತ್ತಿದ್ದೆವು. ಪಕ್ಕದ ಮನೆಯ ನೀಲಮ್ಮ ಅವರಿಗೆ ಬಾಗಿಲಲ್ಲೇ ಟ್ರಂಕಿನ ಕಥೆ ಹೇಳಿ, "ಹಂಗೇ ಹೋಗಬ್ಯಾಡ್ರಿ, ಏನರೆ ತಗೋರಿ. ಪಾಪ, ಅವರಿಗೂ ಸಮಾಧಾನ" ಎಂದು ಪಿಸುಗುಟ್ಟುವಳು. ಸಾವಿನ ಮನೆಯಲ್ಲಿ ಚೌಕಾಸಿ ಮಾಡುವವರು ಯಾರು? ಕೇಳಿದ್ದನ್ನು ಕೊಟ್ಟು ಕೈಗೆ ಸಿಕ್ಕಿದ್ದನ್ನು ಒಯ್ದರು. ನಮ್ಮ ಸಾಹುಕಾರರು ಬಂದರು. ಗೂಟದ ಮೇಲಿನ ಮುಖವನ್ನು ಬಹಳ ಹೊತ್ತು ದಿಟ್ಟಿಸಿ, "ಹೊಸ ಗೋದಾಮಿಗೆ ದೃಷ್ಟಿ ಗೊಂಬಿ ಬೇಕಿತ್ತು. ಇದು ಛಲೋ ಅದ" ಎಂದರು.

"ಅದು ದೃಷ್ಟಿ ಗೊಂಬಿ ಅಲ್ರೀ ಸಾಹುಕಾರ್ರ. ಅಲ್ಲಿ ಮಂದಿ ಕುಣಿಯೋ ಮುಂದ ಹಾಕ್ಕೋತಾರಂತ."

"ಇನ್ನೂ ಛಲೋ ಆತು. ಕೆಟ್ಟ ಕಣ್ಣಿನವ ಇದನ್ನ ನೋಡಿ ಕುಣಕೋತ ಹೊರಗೇ ಇರ್ತಾನ."

ಸಾಹುಕಾರರು ತೂಗುಹಾಕಿದ ಮೇಲೆ ಕೇಳಬೇಕೇ? ಮನೆ ಕಟ್ಟಿಸುತ್ತಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಸಂತಾಪ ಹೇಳಲು ಬಂದರು. ಶರಣಮ್ಮನನ್ನು ಎಂದೂ ನೋಡದವರು ಕೂಡ ಅವಳ ಗುಣಗಾನ ಮಾಡಿ, ಹಲ್ಲು ದೊಡ್ಡದಿರುವುದು ಉಳಿದಿದೆಯೇ ಎಂದು ಕೇಳಿದರು. ಯುಗಾಂಡಾದ ಯಾವನೋ ಬಡಗಿ ಕುಣಿತಕ್ಕೆಂದು ಕೆತ್ತಿದ ಮುಖಗಳು ಬ್ರಹ್ಮಪುರದ ಅರೆಕಟ್ಟಿದ ಗೋಡೆಗಳ ಮೇಲೆ ಸಿಮೆಂಟು ಕಾಯುತ್ತ ನಿಂತವು. ಟ್ರಂಕಿನಲ್ಲಿ ಬುಟ್ಟಿಗಳಷ್ಟೇ ಉಳಿದವು.

ಶರಣಮ್ಮನ ಮಾತು ನಡೆಯುತ್ತಿದೆಯೆಂದು ನನಗೆ ಸಂತೋಷವಾಗಬೇಕಿತ್ತು. ಆದರೆ ಒಂದು ಸಂಗತಿ ಕೊರೆಯತೊಡಗಿತು. ನಮ್ಮಲ್ಲಿ ಸಾವಿನ ಮನೆಯಿಂದ ಏಳುವಾಗ 'ಬರ್ತೀನಿ' ಎನ್ನುವುದಿಲ್ಲ, ಅಂಥ ಸಂದರ್ಭ ಮತ್ತೆ ಬರಬಾರದೆಂದು. ಸರಿಯೇ. ಆದರೆ ದಿವಸಗಳು ಮುಗಿದು ತಿಂಗಳುಗಳಾದವು, ಶ್ರಾವಣ ಬಂದು ಹೋಯಿತು. ಗಿರಾಕಿಗಳು ಈಗಲೂ ತಗ್ಗಿದ ದನಿಯಲ್ಲಿ ಪಾಪ ಎಂದು, ವಸ್ತುವನ್ನು ಕಂಕುಳಲ್ಲಿಟ್ಟುಕೊಂಡು, ಬೆಕ್ಕಿನಂತೆ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಇಡೀ ಕಲಬುರಗಿಯಲ್ಲಿ ಮತ್ತೆ ಬರುತ್ತೇನೆ ಎಂದು ಯಾರೂ ಹೇಳದ ಮನೆ ನಮ್ಮದೊಂದೇ ಆಯಿತು. ಟ್ರಂಕು ಹೀಗೇ ಖಾಲಿಯಾದರೆ, ಆಮೇಲೆ ಈ ಬೆಕ್ಕಿನ ಹೆಜ್ಜೆಯೂ ಇರುವುದಿಲ್ಲ.

ದೀಪಾವಳಿಗೆ ಸುಗಂಧಾ ಬರುವವಳಿದ್ದಳು. ಅಷ್ಟರೊಳಗೆ ಉಳಿದ ಬುಟ್ಟಿಗಳನ್ನು ಪಾಪ ಎನ್ನದವರಿಗೆ ಮಾರಬೇಕೆಂದು ಟ್ರಂಕಿನ ಸಮೇತ ಬಸ್ಸಿಗೇರಿಸಿ ಕಮಲಾಪುರಕ್ಕೆ ಹೋದೆ. ಹೆಂಡತಿಯ ತವರಿನ ಓಣಿಗೆ ಕಾಲಿಡಲಿಲ್ಲ, ಅಲ್ಲಿ ಇನ್ನಷ್ಟು ಪಾಪ ಕಾದಿತ್ತು. ಬಸ್ಸು ನಿಲ್ಲುವಲ್ಲಿ ಕೆಂಪು ಬಾಳೆಹಣ್ಣು ಮಾರುವವರ ಸಾಲಿನ ತುದಿಗೆ ಬುಟ್ಟಿ ಹರವಿ, ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ಕುಳಿತೆ. ನನ್ನ ಬಾಜೂಕ ಕುಳಿತವಳ ಹೆಸರು ಖಾಸಿಂಬಿ ಎಂದು ಅವಳನ್ನು ಕೂಗುವವರಿಂದ ತಿಳಿಯಿತು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

"ಏನ್ರೀ ಅಣ್ಣಾ, ಬುಟ್ಟಿ ಮಾರ್ಲಕ ಬಂದೀರೋ, ನಿದ್ದಿ ಮಾಡ್ಲಕ ಬಂದೀರೋ?"

ಗಂಜಿನ ಅಭ್ಯಾಸದಂತೆ ನಾನೇ ಮೊದಲು ದೋಷ ಹೇಳಿದೆ, "ಇದರ ಅಂಚು ಸ್ವಲ್ಪ ಸೊಟ್ಟ ಅದ."

"ನನಗೂ ಕಣ್ಣು ಅವ." ಅವಳು ಬುಟ್ಟಿಯನ್ನು ಎತ್ತಿ, ತಿರುವಿ, ಮೂಸಿ ನೋಡಿದಳು. ಮುಖ ಬೇವು ತಿಂದಂತಾಯಿತು. ನನ್ನ ಎದೆ ಸ್ವಲ್ಪ ಹಗುರಾಯಿತು. "ಒಳಗ ಬಾಳಿ ನಾರು ಅದ. ಇದನ್ನ ನಾವು ದನಕ್ಕ ಹಾಕ್ತೀವಿ. ಎಲ್ಲಿಂದ ತಂದೀರಿ?"

"ಆಫ್ರಿಕಾದಿಂದ."

"ಅಲ್ಲಿ ದನಾ ಇಲ್ಲೇನು?"

ನಾನು ರೋಗಿಗಳ ಮನೆ, ತಾಯಿತಂದೆ ಇಲ್ಲದ ಮಕ್ಕಳ ಮನೆ ಎಲ್ಲ ಹೇಳಿದೆ. ಖಾಸಿಂಬಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ಲಾ ಅವರಿಗೆ ಒಳ್ಳೇದು ಮಾಡ್ಲಿ" ಎಂದಳು. ಅದೇ ಉಸಿರಿನಲ್ಲಿ ಬುಟ್ಟಿಯನ್ನು ಅರ್ಧ ದರಕ್ಕೆ ಕೇಳಿದಳು.

"ಅನಾಥ ಮಕ್ಕಳ ಬುಟ್ಟಿ ಅಂದೆನಲ್ಲವ್ವಾ."

"ಅದಕ್ಕೇ ಅರ್ಧ ಅಂದೆ. ಇಲ್ಲಂದ್ರ ಪುಕ್ಕಟೆ ಕೇಳ್ತಿದ್ದೆ."

"ನಿನ್ನ ಹಣ್ಣು ಅರ್ಧಕ್ಕ ಕೊಡ್ತೀಯೇನು?"

"ಇದು ಕಮಲಾಪುರದ ಕೆಂಪು ಬಾಳಿ ಅದ, ಅಣ್ಣಾ."

"ಇದು ಯುಗಾಂಡಾದ ಬುಟ್ಟಿ ಅದ, ಅವ್ವಾ" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಬಸ್ಸಿನ ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡು ತಿರುಗಿ ನೋಡಿದ. ಶರಣಮ್ಮ ಹೋದ ಮೇಲೆ ನನ್ನ ದನಿ ನನಗೇ ಕೇಳಿಸಿದ್ದು ಅಂದೇ. ಆ ರಭಸದಲ್ಲಿ ನನಗರಿವಿಲ್ಲದೆ ಟವೆಲ್ಲು ಹೊದಿಸಿದ ಕೈಯನ್ನು ಅವಳ ಮುಂದೆ ಚಾಚಿಬಿಟ್ಟಿದ್ದೆ.

ಖಾಸಿಂಬಿ ಟವೆಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಇದೇನು ಎತ್ತಿನ ಸಂತಿ ಅಂತ ತಿಳ್ದೀರೇನು? ಕೈ ನಿಮ್ಮ ಬಲ್ಲೇ ಇಟ್ಕೋರಿ. ಬಾಯಿಲೆ ಹೇಳ್ರಿ."

ಬಾಯಿಂದ ಹೇಳಿದೆ. ಅವಳೂ ಹೇಳಿದಳು. ಬಿಸಿಲು ಸರಿಯುವವರೆಗೆ ಜಗಳವಾಡಿದೆವು. ಕೊನೆಗೆ ಬುಟ್ಟಿಯಲ್ಲಿ ಹಣ್ಣು ಜೋಡಿಸಿ, ದೂರ ನಿಂತು ಅಂದ ನೋಡಿ, ನನ್ನ ದರವನ್ನೇ ಕೊಟ್ಟು, "ಉಳಿದಾವು ಯಾರಿಗೂ ಕೊಡಬ್ಯಾಡ್ರಿ. ನಮ್ಮ ಅಕ್ಕನ್ನ ಕರ್ಕೊಂಡು ಬರ್ತೀನಿ" ಎಂದು ಎದ್ದು ಹೋದಳು.

ಬರ್ತೀನಿ. ಎಷ್ಟು ಸಲೀಸಾಗಿ ಎಂದುಬಿಟ್ಟಳು. ನಾನು ಕಲಬುರಗಿಯ ಬಸ್ಸನ್ನು ಬಿಟ್ಟು ಕುಳಿತೆ. ಅವಳು ಬಂದಳು. ಹಿಂದೆ ಬಂದ ಅಕ್ಕ ಇವಳಿಗಿಂತ ಕೆಟ್ಟ ಮುಖ ಮಾಡುವವಳಾಗಿದ್ದಳು. ಟ್ರಂಕು ಖಾಲಿಯಾಯಿತು.

ದೀಪಾವಳಿಗೆ ಬಂದ ಸುಗಂಧಾ ಖಾಲಿ ಟ್ರಂಕಿನ ಮುಂದೆ ಕುಳಿತು ಗೆಳತಿಗಾಗಿ ಅತ್ತಳು. ಅಳು ನಿಂತ ಮೇಲೆ, "ಅಕೀ ಮಾತು ಉಳಿಸಿದ್ರಿ ಮಾಮಾ. ಇನ್ನ ನಿಮಗ ಈ ತ್ರಾಸ ಬ್ಯಾಡ" ಎಂದಳು. ನಾನು ಗಾಬರಿಯಾಗಿ, "ಹಂಗಾದ್ರ ಬರಿಗೈಲೆ ಬಂದೀಯೇನು?" ಎಂದೆ. ಅವಳು ತಾನು ತಂದಿದ್ದ ಹೊಸ ಮಾಲನ್ನು ಮರುದಿನ ಕಮಲಾಪುರದಿಂದ ತಂದು ಆ ಟ್ರಂಕಿಗೆ ತುಂಬಿದಳು. ಈಗ ಮಂಚದ ಕೆಳಗೆ ಮತ್ತೆ ಆಫ್ರಿಕಾ ಇದೆ.

ಹಾಗಾಗಿ ಬ್ರಹ್ಮಪುರದ ಕಡೆ ಬಂದರೆ ನಮ್ಮ ಮನೆಗೂ ಬನ್ನಿ. ಬುಟ್ಟಿಗಳ ಅಂಚು ಸೊಟ್ಟ ಇದೆ, ಮೊದಲೇ ಹೇಳಿರುತ್ತೇನೆ. ಮೂಸಿ ನೋಡಿ, ಮುಖ ಸಿಂಡರಿಸಿ, ಅರ್ಧಕ್ಕೆ ಕೇಳಿ, ನಾನೂ ಬಿಡುವುದಿಲ್ಲ. ಮಾರಲು ಬಾರದವನು ಇಷ್ಟು ಹೊತ್ತು ಏನು ಮಾಡುತ್ತಿದ್ದ ಎಂದು ನೀವು ಕೇಳಿದರೆ ಇನ್ನೊಂದು ಬುಟ್ಟಿ ಮುಂದೆ ಮಾಡುತ್ತೇನೆ. ಪಾಪ ಎಂದು ಮಾತ್ರ ಕೊಳ್ಳಬೇಡಿ. ಏನೂ ಕೊಳ್ಳದೆ ಎದ್ದರೂ ನಡೆದೀತು. ಚಪ್ಪಲಿ ಮೆಟ್ಟುವಾಗ 'ಬರ್ತೀನ್ರೀ' ಎಂದು ಹೇಳಿ ಹೋಗಿ. ಅದೊಂದರಲ್ಲಿ ಚೌಕಾಸಿ ಇಲ್ಲ.