ಚಿಕ್ಕಪ್ಪನ ವೇಲ್ಸ್, ಚಿಕ್ಕಮ್ಮನ ವೋಟು

ವೇಲ್ಸ್ ದೇಶದ ಭವಿಷ್ಯ ನಮ್ಮ ಚಿಕ್ಕಪ್ಪನ ಕೈಯಲ್ಲಿದೆ ಎಂದರೆ ನೀವು ನಗುತ್ತೀರಿ. ವೇಲ್ಸಿನವರಿಗೆ ಗೊತ್ತಾದರೆ ಅವರೂ ನಗುತ್ತಾರೆ. ಆದರೆ ಗಲ್ಫಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ ಈ ವಿಷಯಕ್ಕೆ ನಗುವ ಹಕ್ಕು ಯಾರಿಗೂ ಇಲ್ಲ!

ವೇಲ್ಸ್ ಎಂದರೆ ಬ್ರಿಟನ್ನಿನ ಪಶ್ಚಿಮದ ಅಂಚಿನಲ್ಲಿರುವ ಪುಟ್ಟ ದೇಶ. ಅದರ ಅಧಿಕಾರ ಸ್ವಲ್ಪ ಅಲ್ಲಿಯೇ, ಉಳಿದದ್ದು ಲಂಡನ್ನಿನಲ್ಲಿ. ಚಿಕ್ಕಪ್ಪ ಅಲ್ಲಿಗೆ ಹೋದವರಲ್ಲ. ಮೀನಾ ಅಲ್ ಅಹ್ಮದಿ ರಿಫೈನರಿಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ವೇಲ್ಸಿನ ಇಂಜಿನಿಯರ್ ಒಬ್ಬರಿದ್ದರು. ಎಲ್ಲರೂ ತನ್ನನ್ನು ಇಂಗ್ಲೆಂಡಿನವನು ಎನ್ನುತ್ತಾರೆಂದು ಆತ ದಿನವೂ ಕುದಿಯುತ್ತಿದ್ದರಂತೆ. ಸುರತ್ಕಲ್ಲಿನಿಂದ ಬಂದು ಆಫೀಸಿನಲ್ಲಿ 'ಮದ್ರಾಸಿ' ಎನಿಸಿಕೊಂಡಿದ್ದ ಚಿಕ್ಕಪ್ಪನಿಗೆ ಆ ಸಂಕಟ ಥಟ್ಟನೆ ಅರ್ಥವಾಯಿತು. ಆ ಮನುಷ್ಯ ನಿವೃತ್ತರಾಗಿ ಊರಿಗೆ ಹೋದರು. ಗೀಳು ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು.

ಒಮ್ಮೆ ಕ್ಷೌರದ ಅಂಗಡಿಯ ಪಾಕಿಸ್ತಾನಿ ಭಾಯಿಗೂ ಇವರು ವೇಲ್ಸಿನ ಸಂವಿಧಾನ ವಿವರಿಸಿದರು. ಆತ ಕತ್ತರಿ ನಿಲ್ಲಿಸಿ ಕೇಳಿದ, "ಭಾಯಿ, ವಹಾಂ ಪೆಟ್ರೋಲ್ ಹೈ?"

"ನಹೀಂ."

"ತೋ ಖಲಾಸ್," ಎಂದು ಕತ್ತರಿ ಮತ್ತೆ ಶುರುವಾಯಿತು.

ಮನೆಯಲ್ಲಿ ಲಂಡನ್ ಎಂದರೆ ಚಿಕ್ಕಮ್ಮ. ಅವರು ಚಿಕ್ಕಪ್ಪನಿಗೆ ಕೆಲವು ಅಧಿಕಾರಗಳನ್ನು ಹಸ್ತಾಂತರಿಸಿದ್ದರು: ಬಾಲ್ಕನಿಯ ಪುದೀನ ಮತ್ತು ಕಸ. ಸಾಂಬಾರಿನ ಉಪ್ಪೂ ತಮಗೆ ಬೇಕೆಂದು ಇವರು ಅರ್ಜಿ ಹಾಕಿದಾಗ ಚಿಕ್ಕಮ್ಮ ಒಗ್ಗರಣೆಯಿಂದ ಕಣ್ಣು ತೆಗೆಯದೆ, "ಅದು ಕೇಂದ್ರದ್ದು," ಎಂದರು.

ಹಾಗೆಂದು ಸುಧಾರಣೆ ನಿಂತೀತೇ? ಒಂದು ಶುಕ್ರವಾರ, ರಜೆಯ ದಿನ, ಬೆಳಗಿನ ತಿಂಡಿಗೆ ಚುನಾವಣೆ ನಡೆಯಿತು. ಒಬ್ಬರಿಗೆ ಒಂದೇ ವೋಟು ಅನ್ಯಾಯವಂತೆ. ಮೊದಲ ಆಯ್ಕೆ, ಎರಡನೆಯದು, ಮೂರನೆಯದು ಎಂದು ಎಲ್ಲರೂ ಬರೆಯಬೇಕು. ಮತದಾರರು ನಾಲ್ವರು: ಚಿಕ್ಕಪ್ಪ, ಚಿಕ್ಕಮ್ಮ, ಹನ್ನೆರಡನೇ ಕ್ಲಾಸಿನ ಅವರ ಮಗಳು, ಶುವೈಖಿನ ಕಾರ್ ಶೋರೂಮಿಗೆ ಕೆಲಸಕ್ಕೆ ಬಂದು ಅವರ ಮನೆಯಲ್ಲೇ ಬೇರುಬಿಟ್ಟ ನಾನು. ದೋಸೆ, ಪೂರಿ, ಉಪ್ಪಿಟ್ಟು, ಆಮ್ಲೆಟ್ ತಲಾ ಒಂದೊಂದು ವೋಟು ಪಡೆದವು. ಎರಡನೇ ಆಯ್ಕೆ ಎಣಿಸಿದರೂ ಸಮ. ಮೂರನೆಯದನ್ನು ಎಣಿಸುವಷ್ಟರಲ್ಲಿ ಮಧ್ಯಾಹ್ನದ ಅನ್ನ ಬೆಂದಿತ್ತು.

"ಡ್ಯಾಡಿ, ನೆಕ್ಸ್ಟ್ ಟೈಮ್ ಐ ಆಮ್ ಆರ್ಡರಿಂಗ್ ಶವರ್ಮಾ," ಎಂದಳು ಮಗಳು.

ವೇಲ್ಸಿನಲ್ಲಿ ಬಂದ ಹೊಸ ಪದ್ಧತಿ ಚಿಕ್ಕಪ್ಪನ ನಿದ್ದೆ ಕೆಡಿಸಿದೆ. ಜನ ಪಕ್ಷಕ್ಕೆ ವೋಟು ಹಾಕಬೇಕು, ಯಾರು ಮೊದಲು ಶಾಸನಸಭೆಯ ಒಳಗೆ ಹೋಗಬೇಕೆಂಬುದನ್ನು ಪಕ್ಷವೇ ಪಟ್ಟಿಮಾಡಿಟ್ಟಿರುತ್ತದೆ. "ಇದೆಂತ ಪ್ರಜಾಪ್ರಭುತ್ವ?" ಎಂದು ಅವರು ಮೇಜು ಕುಟ್ಟಿದರೆ, ಚಿಕ್ಕಮ್ಮನಿಗೆ ಅದು ಬಹಳ ಹಿಡಿಸಿತು. "ಒಳ್ಳೇದುಂಟಲ್ಲ! ನೀವು ಅಡುಗೆಮನೆಗೆ ವೋಟು ಹಾಕಿ. ತಟ್ಟೆಗೆ ಎಂತ ಬರ್ತದೆಂದು ನಾನು ನೋಡಿಕೊಳ್ತೇನೆ."

ಈ ತಮಾಷೆಯ ನಡುವೆ ಒಂದು ವಿಷಯ ಮಾತ್ರ ಇತ್ಯರ್ಥವಾಗದೆ ಉಳಿದಿತ್ತು. ಚಿಕ್ಕಮ್ಮನಿಗೆ ಊರಿಗೆ ಹೋಗಬೇಕು. ಅಕ್ಕತಂಗಿಯರ ಜೊತೆ ಫೋನಿನಲ್ಲಲ್ಲ, ಎದುರೆದುರು ಕೂತು ತುಳುವಿನಲ್ಲಿ ಜಗಳವಾಡಬೇಕು. ಚಿಕ್ಕಪ್ಪನಿಗೆ ಇಲ್ಲೇ ಇರಬೇಕು. ಪ್ರತಿ ಸಲ ಇಲ್ಲಿನ ವಾಸದ ಪರವಾನಗಿ ಇಕಾಮಾ ನವೀಕರಿಸುವಾಗ ಆಕೆ, "ಈ ಸಲ ಹೋಗುವನಾ?" ಎನ್ನುತ್ತಿದ್ದರು. ಇವರು, "ಇದಕ್ಕೊಂದು ಸಮಿತಿ ಬೇಕು," ಎನ್ನುತ್ತಿದ್ದರು. ಸಮಿತಿಯ ಅಧ್ಯಕ್ಷರು ಇವರೇ. ವರದಿ ಯಾವತ್ತೂ ಬರಲಿಲ್ಲ.

ಈ ವರ್ಷ ಚಿಕ್ಕಪ್ಪನಿಗೆ ನಿವೃತ್ತಿಯ ವಯಸ್ಸು. ಆದರೂ ಬೇಕಾದರೆ ಮುಂದುವರಿಯಬಹುದು ಎಂದಿತು ಕಂಪನಿ. ಮಗಳು ಹೇಗೂ ಮಂಗಳೂರಿಗೆ ಕಾಲೇಜಿಗೆ ಹೊರಟಿದ್ದಳು. ಕೊನೆಗೂ ಮಹಾಚುನಾವಣೆ ಘೋಷಣೆಯಾಯಿತು: ಇಲ್ಲಿಯೋ, ಊರೋ? ಇಬ್ಬರಿಬ್ಬರಾಗಿ ಸಮವಾಗುತ್ತದೆ, ಮತ್ತೊಂದು ಸಮಿತಿ ಹುಟ್ಟುತ್ತದೆ ಎಂದು ನಾನು ಖಚಿತವಾಗಿ ನಂಬಿದ್ದೆ.

ಊಟದ ಮೇಜಿನ ಮೇಲೆ ಚಿಕ್ಕಪ್ಪ ಒಂದೇ ಒಂದು ಚೀಟಿ ಇಟ್ಟರು, ಚಿಕ್ಕಮ್ಮನ ಎದುರು.

"ನಮಗೆ?" ಎಂದೆ.

"ನಿಮಗಿಲ್ಲ. ನನಗೂ ಇಲ್ಲ," ಎಂದರು. "ಮದುವೆ ಆಗಿ ಇವಳನ್ನು ಇಲ್ಲಿಗೆ ತರುವಾಗ ಯಾರಾದ್ರೂ ಕೇಳಿದ್ರಾ? ನಾನಂತೂ ಕೇಳ್ಲಿಲ್ಲ. ವೀಸಾ ಬಂತು, ಹೊರಡು ಅಂದೆ. ಇವಳು ಹೊರಟಳು. ಇದು ಇವಳ ವೋಟು."

ಚಿಕ್ಕಮ್ಮ ಪೆನ್ನು ತೆಗೆದುಕೊಂಡರು. ಆಮೇಲೆ 'ಊರು' ಎಂದು ದೊಡ್ಡದಾಗಿ ಬರೆದು, ಗುಪ್ತ ಮತದಾನದ ನಿಯಮವನ್ನೆಲ್ಲ ಬದಿಗಿಟ್ಟು, ಚೀಟಿಯನ್ನು ಅವರ ಕಡೆ ತಿರುಗಿಸಿದರು.

"ತಡ ಆಯ್ತಲ್ಲ ಮಾರಾಯ್ತಿ," ಎಂದರು ಚಿಕ್ಕಪ್ಪ. ಸ್ವರ ಒಡೆದಿತ್ತು.

"ಆಯ್ತು. ಈಗಾದ್ರೂ ಕೇಳಿದ್ರಲ್ಲ."

ಚಿಕ್ಕಪ್ಪ ಮೇಜಿನ ಮೇಲಿಂದ ಕೈ ಚಾಚಿ ಚಿಕ್ಕಮ್ಮನ ಕೈ ಹಿಡಿದುಕೊಂಡರು. ನಮ್ಮೆದುರು ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.