ಜಂಬಣ್ಣನವರ ಈಸ್ಟರ್ ಪದ್ಯ

ಹಿರೇಹಡಗಲಿಯಲ್ಲಿ ಯಾರು ತೀರಿಕೊಂಡರೂ ಶ್ರದ್ಧಾಂಜಲಿ ಬ್ಯಾನರಿಗೆ ನಾಲ್ಕು ಸಾಲು ಬರೆದುಕೊಡುವವರು ನಿವೃತ್ತ ಮೇಷ್ಟ್ರು ಜಂಬಣ್ಣನವರೇ. ಇದರಿಂದ ಅವರಿಗೆ ದಕ್ಕಿದ ಮರ್ಯಾದೆಯೆಂದರೆ, ಲಗ್ನದ ಮನೆಯವರು ಅವರ ಕೈಗೆ ಪೆನ್ನು ಸಿಗದಂತೆ ನೋಡಿಕೊಳ್ಳುತ್ತಿದ್ದರು. ಬದುಕಿರುವವರಿಗಾಗಿ ಒಂದಾದರೂ ಪದ್ಯ ಬರೆಯಬೇಕು, ಅದು ಚೆನ್ನಾಗಿದೆಯೆಂದು ಊರವರ ಬಾಯಲ್ಲಿ ಕೇಳಬೇಕು ಎಂಬುದು ಅವರ ಆಸೆ.

ನರ್ಸ್ ಸೌಭಾಗ್ಯ ಈಸ್ಟರ್ ಪ್ರಾರ್ಥನೆಗೆ ಪದ್ಯ ಬೇಕೆಂದು ಬಂದು, ಬೈಬಲ್ಲಿನ ಕತೆ ಓದಿ ಹೇಳಿದರು. ಯೇಸುವಿನ ದೇಹಕ್ಕೆ ಸುಗಂಧ ಹಚ್ಚಲು ನಸುಕಿನಲ್ಲಿ ಹೊರಟ ಹೆಂಗಸರು, ಸಮಾಧಿಯ ಕಲ್ಲನ್ನು ಯಾರು ಸರಿಸುತ್ತಾರೆಂದು ದಾರಿಯುದ್ದಕ್ಕೂ ಚಿಂತಿಸಿದರಂತೆ. ಹೋಗಿ ನೋಡಿದರೆ ಕಲ್ಲು ಆಗಲೇ ಸರಿದಿತ್ತು, ಸತ್ತ ಯೇಸು ಎದ್ದು ಹೋಗಿದ್ದ. ಜಂಬಣ್ಣನವರಿಗೆ ಇಷ್ಟು ವರ್ಷ ತಾವು ಕಲ್ಲಿನ ಈಚೆಗೇ ನಿಂತು ಬರೆದೆವಲ್ಲ ಎನಿಸಿತು. ವಾರವೆಲ್ಲ ಬರೆದು ಹರಿದು, ಕೊನೆಗೆ ಎರಡು ಸಾಲು ಉಳಿಸಿಕೊಂಡರು:

ಅಳದಿರಿ ತಾಯಂದಿರೇ, ಕಲ್ಲು ಸರಿದಿದೆ ನೋಡಿ,
ಹೋದವನೇ ಬರುತಿಹನು ಬೆಳಗಿನ ಜೊತೆಗೂಡಿ.

ಶನಿವಾರ ಫ್ಲೆಕ್ಸ್ ಅಂಗಡಿಯ ಅಮರೇಶನಿಗೆ ಪದ್ಯ ಕಳಿಸಿದರು. ಕವಿಯ ಫೋಟೋನೂ ಇರಲಿ ಎಂದ, ಅದನ್ನೂ ಕಳಿಸಿದರು. ಬೆಳಗಾಗುವುದರೊಳಗೆ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿಸುತ್ತೇನೆ ಎಂದ.

ಹೆಂಡತಿ ಕೊಟ್ರಮ್ಮ ಕೊಟ್ಟೂರಿನ ಮಗಳ ಮನೆಯಲ್ಲಿದ್ದರು. ಭಾನುವಾರ ನಸುಕಿಗೇ ಮನೆಗೆ ಬೀಗ ಹಾಕಿ ಜಂಬಣ್ಣನವರು ಪ್ರಾರ್ಥನೆಗೆ ಹೋದರು. ಅವರು ಓದಿದ್ದನ್ನು ಇಪ್ಪತ್ತು ಮಂದಿ ಕಣ್ಣು ಮುಚ್ಚಿ ಕೇಳಿದರು. ಒಬ್ಬರೂ ಅಳಲಿಲ್ಲ. ಅವರಿಗೆ ಅಷ್ಟೇ ಹಬ್ಬವಾಯಿತು.

ಬಿಸಿಲೇರುವ ಹೊತ್ತಿಗೆ ಓಣಿಗೆ ಬಂದರೆ, ಬೀಗ ಹಾಕಿದ ಬಾಗಿಲ ಮುಂದೆ ಮಂದಿ ಹಾರ ಹಿಡಿದು ಕೂತಿದ್ದರು. ನೆರೆಮನೆಯ ಮುದುಕಿ ಗಾದೆಮ್ಮ ಹಾಡಿಕೊಂಡು ಅಳುತ್ತಿದ್ದಳು. ಜಂಬಣ್ಣನವರ ಪದ್ಯವೆಂದರೆ ಅಮರೇಶನಿಗೆ ಗೊತ್ತಿದ್ದದ್ದು ಒಂದೇ ನಮೂನೆ: ಕಪ್ಪು ಅಂಚು, ನಡುವೆ ಫೋಟೋ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಇದನ್ನೂ ಹಾಗೇ ಮಾಡಿ ಕಟ್ಟಿಸಿದ್ದ. ಹೆಣ ದವಾಖಾನೆಯಿಂದ ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು.

ಅವರನ್ನು ಕಂಡದ್ದೇ ಎದುರುಮನೆಯ ದುರುಗೇಶ್ ಹಾರ ಕೆಳಗೆ ಬಿಟ್ಟ. ಗಾದೆಮ್ಮ ಮಾತ್ರ ಹತ್ತಿರ ಬಂದು ಕೈ ಮುಟ್ಟಿ ನೋಡಿದಳು.

"ಎದ್ದು ಬಂದ್ರೇನ್ರಿ, ಮಾಸ್ತರ?"

"ನಾ ಸತ್ತಿಲ್ಲವ್ವ. ಅದು ಈಸ್ಟರ್ ಹಬ್ಬದ ಪದ್ಯ. ಓದಿದ್ರೋ ಇಲ್ಲೋ?"

"ಮೊಮ್ಮಗಳು ಓದಿ ಹೇಳಿದ್ಲು. ಬಾಳ ಚಲೋ ಐತ್ರಿ. ನನಗ ಸಾಯೋ ಅಂಜಿಕಿನ ಹೋತು."

ಜಂಬಣ್ಣನವರ ಕಣ್ಣು ತುಂಬಿ ಬಂತು. ಜೀವಮಾನದಲ್ಲಿ ಇಂಥ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಗಾದೆಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅದಕ್ಕ ಒಂದು ಮಾತ್ರಿ. ನಾ ಹೋದಾಗ ಬ್ಯಾರೆ ಬರೀಬ್ಯಾಡ್ರಿ. ಇದನ್ನ ಹಾಕಿಸ್ರಿ, ಫೋಟೋ ಅಷ್ಟ ನಂದಿರ್ಲಿ."

ದುರುಗೇಶ್ ತನ್ನ ತಾಯಿಗೂ ಅದೇ ಇರಲೆಂದ. ಮಧ್ಯಾಹ್ನದೊಳಗೆ ಹನ್ನೊಂದು ಮನೆಯವರು ಆ ಪದ್ಯವನ್ನು ಹೇಳಿಟ್ಟು ಹೋದರು. ಯಾರ ಮನೆಯಲ್ಲೂ ಇನ್ನೂ ಯಾರೂ ಸತ್ತಿರಲಿಲ್ಲ.