ಕೆಟ್ಟದ್ದೊಂದು ಬೇಕಾಗಿದೆ

ಬೀದಿಯಲ್ಲಿ ಕೆಟ್ಟು ಕೂತ ಸಾಮಾನು ಒಂದೂ ಇರಲಿಲ್ಲ. ಸ್ಕ್ರೂ ಅಕ್ಕನಿಗೆ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಗಂಡ ತೀರಿಕೊಂಡ ಮೇಲೆ ಆಕೆ ವಿಧವೆಯರ ತರಬೇತಿ ಕೇಂದ್ರಕ್ಕೆ ಹೋದಳು. ಉಳಿದವರೆಲ್ಲ ಹೊಲಿಗೆಗೆ ಸೇರಿದರೆ ಈಕೆ ರಿಪೇರಿ ಕೆಲಸಕ್ಕೆ ಸೇರಿದಳು. "ಇವಳ ತಲೆಯ ಸ್ಕ್ರೂ ಸಡಿಲ" ಎಂದು ನಕ್ಕವರೇ ಆಮೇಲೆ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಹೊತ್ತುಕೊಂಡು ಬಂದರು. ಕಲಿಯುವ ಕೈ, ಕೂಲಿ ಕೇಳುವುದು ಹೇಗೆ? ಎಲ್ಲವನ್ನೂ ಪುಕ್ಕಟೆ ಸರಿಮಾಡಿಕೊಟ್ಟಳು. ಹೆಸರು ಮಾತ್ರ ಹಾಗೇ ಅಂಟಿಕೊಂಡಿತು.

ಇವತ್ತು ಪರೀಕ್ಷೆ. ಕೆಟ್ಟ ಯಂತ್ರವೊಂದನ್ನು ತಂದು ಪರೀಕ್ಷಕರ ಎದುರೇ ಸರಿಮಾಡಬೇಕು. ಪಾಸಾದರೆ ಹತಾರದ ಪೆಟ್ಟಿಗೆ, ಸ್ವಂತ ದುಡಿಮೆ. ಫೇಲಾದರೆ ಅತ್ತೆಯನ್ನು ಕರೆದುಕೊಂಡು ಮೈದುನನ ಮನೆ ಸೇರಿ, ಅವನ ಹೆಂಡತಿಯ ಕೈಕೆಳಗೆ ಪಾತ್ರೆ ತಿಕ್ಕಬೇಕು. ಅದನ್ನು ನೆನೆದರೇ ಅವಳಿಗೆ ಮೈ ಉರಿಯುತ್ತಿತ್ತು.

ಹಾಲಿನವಳ ಬಾಗಿಲು ತಟ್ಟಿದಳು. "ಏನೇ, ನಿಮ್ಮನೇಲಿ ಏನಾದ್ರೂ ಕೆಟ್ಟಿದೆಯಾ?"

"ಬಿಡ್ತು ಅನ್ನಕ್ಕಾ! ನೀನು ಮುಟ್ಟಿದ ಮೇಲೆ ಮಿಕ್ಸಿ ಗುಂಡುಕಲ್ಲಿನ ಹಾಗಿದೆ."

ಎದುರುಮನೆ ಮೇಷ್ಟ್ರು ಗದರಿಯೇಬಿಟ್ಟರು. "ನಮ್ಮ ಫ್ಯಾನು ಕೆಡೋದಾ? ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವೇನಮ್ಮಾ?"

ಬೀದಿಯ ಕೊನೆಯವರೆಗೂ ಇದೇ ಹೊಗಳಿಕೆ. ಹೊಗಳಿಸಿಕೊಂಡು ಅಳು ಬಂದದ್ದು ಅವಳಿಗೆ ಇದೇ ಮೊದಲು.

"ಊರಿಗೆ ಉಪಕಾರ ಮಾಡಬೇಡ ಅಂತ ಬಡ್ಕೊಂಡೆ. ಇರು, ನಮ್ಮ ಫ್ಯಾನನ್ನೇ ಕೆಡಿಸ್ತೀನಿ," ಎಂದು ಅತ್ತೆ ಸುತ್ತಿಗೆ ಎತ್ತಿದರು.

"ಬೇಡ ಅತ್ತೆ. ನಾವೇ ಕೆಡಿಸಿ ನಾವೇ ರಿಪೇರಿ ಮಾಡಿದ್ರೆ ಅದು ಪರೀಕ್ಷೆ ಅಲ್ಲ, ಮೋಸ!" ಸುತ್ತಿಗೆ ಕಿತ್ತುಕೊಂಡು ಮೂಲೆಗಿಟ್ಟು, ಬರಿಗೈಯಲ್ಲೇ ಕೇಂದ್ರಕ್ಕೆ ಓಡಿದಳು.

ಪರೀಕ್ಷಕರು ಬೆವರು ಒರೆಸಿಕೊಳ್ಳುತ್ತ ಸಿಡುಕಿದರು. "ಏನಮ್ಮಾ, ಖಾಲಿ ಕೈ? ಮನೆಗೆ ನಡಿ."

"ಹೋಗಲ್ಲ ಸಾರ್. ನಿಮ್ಮ ತಲೆ ಮೇಲಿನ ಫ್ಯಾನ್ ಯಾಕೆ ತಿರುಗ್ತಿಲ್ಲ?"

"ಅದು ಕೆಟ್ಟು ಎಷ್ಟೋ ಕಾಲ ಆಯ್ತು."

ಹುಡುಕುವ ಬಳ್ಳಿ ಕಾಲಿಗೆ ತೊಡರಿತು. ಮೇನ್ ಸ್ವಿಚ್ ಆರಿಸಿ, ಸೆರಗು ಸಿಕ್ಕಿಸಿ ಮೇಜು ಹತ್ತಿದಳು. ಅವಳು ಇಳಿದು ಸ್ವಿಚ್ ಹಾಕಿದ್ದೇ ತಡ, ಫ್ಯಾನು ಭರ್ರೆಂದು ತಿರುಗಿ ಪರೀಕ್ಷಕರ ಕಾಗದಗಳೆಲ್ಲ ಕಿಟಕಿಯಾಚೆ ಹಾರಿದವು. ಅವರು ಕಣ್ಣುಮುಚ್ಚಿ ಗಾಳಿಗೆ ಮುಖವೊಡ್ಡಿ, "ಪಾಸು, ಪಾಸು" ಎಂದರು.

ಪೆಟ್ಟಿಗೆ ಹೊತ್ತು ಬಂದರೆ ಮನೆಯೆದುರು ಜನಜಂಗುಳಿ. ಎಲ್ಲರ ಕೈಯಲ್ಲೂ ಒಂದೊಂದು ಕೆಟ್ಟ ಸಾಮಾನು! ಮೊದಲ ದಿನವೇ ಇಷ್ಟೊಂದು ಗಿರಾಕಿಗಳು ಎಂದು ಅವಳ ಕಣ್ಣು ತುಂಬಿತು.

"ನೀನು ಅಳುಮೋರೆ ಹಾಕ್ಕೊಂಡು ಹೋದದ್ದು ನೋಡಿ ಕರುಳು ಚುರುಕ್ ಅಂತು ಕಣಕ್ಕಾ," ಎಂದಳು ಹಾಲಿನವಳು. "ಮಿಕ್ಸಿಗೆ ಒಂದು ಚೊಂಬು ನೀರು ಸುರಿದೆ."

"ನಾನು ಫ್ಯಾನಿನ ವೈರೇ ಕಿತ್ತೆ. ತಗೋ, ಪರೀಕ್ಷೆಗೆ ಒಯ್ಯಿ," ಎಂದು ಮೇಷ್ಟ್ರು ಬೀಗಿದರು.

"ಪರೀಕ್ಷೆ ಮುಗೀತು, ಪಾಸೂ ಆದೆ. ಇನ್ಮೇಲೆ ಕೂಲಿ ಕೊಡಬೇಕು ಮೇಷ್ಟ್ರೇ."

"ಕೂಲಿನಾ? ನಿನಗೋಸ್ಕರ ತಾನೇ ಕೆಡಿಸಿದ್ದು!"

ಸ್ಕ್ರೂ ಅಕ್ಕ ಮೆಟ್ಟಿಲ ಮೇಲೆ ಕೂತು ಪೆಟ್ಟಿಗೆ ತೆರೆದಳು. "ಸರಿ, ಇವತ್ತೊಂದು ದಿನ. ನಾಳೆಯಿಂದ ನಾನು ಕೆಲಸ ಮಾಡೋದು ಪಕ್ಕದೂರಲ್ಲಿ. ಅಲ್ಲಿ ನನ್ನ ಮೇಲೆ ಯಾರಿಗೂ ಇಷ್ಟು ಪ್ರೀತಿ ಇಲ್ಲ."

"ಪಕ್ಕದೂರಾ?" ಹಾಲಿನವಳ ಮುಖ ಅರಳಿತು. "ಅದು ನನ್ನ ತವರಲ್ವಾ! ಅವರಿಗೂ ಬೆಳಿಗ್ಗೇನೇ ಫೋನ್ ಮಾಡಿದೀನಿ, ನಮ್ಮಕ್ಕನಿಗೆ ಪರೀಕ್ಷೆ, ಕೈಗೆ ಸಿಕ್ಕಿದ್ದನ್ನೆಲ್ಲ ಕೆಡಿಸಿಡಿ ಅಂತ!"